ಊಟದ ಪಂಕ್ತಿಗೆ ಕೂತ ಪಿಸ್ತೂಲು

“ಮೇಡಂ, ಒಂದು ಪಿಸ್ತೂಲು ಒಳ್ಳೆಯದು ಅಂತ ಹೇಗೆ ತೀರ್ಮಾನ ಮಾಡುವುದು?”

ಶಿಷ್ಯೆ ಹೀಗೆ ಕೇಳಿದಾಗ ಗುರು, ಶಿಷ್ಯೆ ಇಬ್ಬರೂ ದಾರಿ ತಪ್ಪಿದ್ದರು. ಜೀಪು ಬೋಳುಗುಡ್ಡದ ಬುಡದಲ್ಲಿ ನಿಂತಿತ್ತು. ಮುಂದೆ ದಾರಿ ಎರಡಾಗಿ ಒಡೆದಿತ್ತು. ಫೋನಿನ ನಕ್ಷೆಯನ್ನು ನಂಬುವುದಾದರೆ ಅವರಿಬ್ಬರೂ ಆಗ ಒಂದು ಕೆರೆಯ ನಡುವೆ ಇದ್ದರು.

“ಪಿಸ್ತೂಲು ಇರಲಿ, ಮೊದಲು ದಾರಿ ಕೇಳು,” ಎಂದರು ಗುರು.

ಗುರುವಿನ ಹೆಸರು ಪಂಕಜಾಕ್ಷಿ. ಪೊಲೀಸ್ ತರಬೇತಿ ಶಾಲೆಯಲ್ಲಿ ಆಯುಧದ ಪಾಠ ಹೇಳಿ ನಿವೃತ್ತರಾದವರು. ನಿವೃತ್ತಿಯ ಮೇಲೆ ಒಂದೂರಲ್ಲಿ ಕೂತವರಲ್ಲ. ಬಟ್ಟೆಯ ಚೀಲವೊಂದನ್ನು ಹೆಗಲಿಗೆ ಹಾಕಿಕೊಂಡರೆ ಲಡಾಖ್ ಆದರೂ ಸರಿ, ಲಕ್ಷದ್ವೀಪವಾದರೂ ಸರಿ. ದಾರಿ ತಪ್ಪುವುದು ಅವರಿಗೆ ಹೊಸದಲ್ಲ. ಒಳ್ಳೆಯ ಕಾಫಿ ತಪ್ಪಿದ ದಾರಿಯಲ್ಲೇ ಸಿಗುತ್ತದೆ ಎಂಬುದು ಅವರ ಅನುಭವ.

ಶಿಷ್ಯೆ ಇಂಚರ, ಸಬ್ ಇನ್ಸ್‌ಪೆಕ್ಟರ್. ಇಲಾಖೆಗೆ ಹೊಸ ಪಿಸ್ತೂಲು ಆರಿಸುವ ಸಮಿತಿಯಲ್ಲಿ ಎಲ್ಲರಿಗಿಂತ ಚಿಕ್ಕವಳು. ಅವತ್ತು ಫೈರಿಂಗ್ ರೇಂಜಿನಲ್ಲಿ ಕಡೆಯ ಸಭೆ. ಮೂರು ಪಿಸ್ತೂಲುಗಳಲ್ಲಿ ಒಂದು ಉಳಿಯಬೇಕು. ಉಳಿದದ್ದನ್ನು ಇಲಾಖೆಯವರು ಕೆಲಸದ ಮೇಲೂ ರಜೆಯಲ್ಲೂ ಜೊತೆಗಿಟ್ಟುಕೊಂಡು ತಿರುಗಬೇಕು. ಹಿರಿಯರೆಲ್ಲ ಒಂದೊಂದು ಕಡೆ ವಾಲಿದ್ದರಿಂದ ಇಂಚರಳ ಮಾತಿಗೆ ಇದ್ದಕ್ಕಿದ್ದಂತೆ ಬೆಲೆ ಬಂದಿತ್ತು. ಅದಕ್ಕೇ ಅವಳು ಗುರುವನ್ನೂ ಜೊತೆಗೆ ಕರೆತಂದಿದ್ದಳು. ಮೂರರಲ್ಲಿ ಅವಳಿಗೆ ಇಷ್ಟವಾದದ್ದು ಮೊದಲನೆಯದು. ಪರೀಕ್ಷೆಗೆಂದು ಕೆಲವು ದಿನಗಳಿಂದ ಅದನ್ನೇ ಸೊಂಟಕ್ಕೆ ಕಟ್ಟಿಕೊಂಡು ಓಡಾಡುತ್ತಿದ್ದಳು.

ಬೇವಿನ ಮರದ ಕೆಳಗೆ ಒಬ್ಬ ಕುರಿಗಾಹಿ ಕೋಲೂರಿ ನಿಂತಿದ್ದ. ಇಬ್ಬರೂ ಇಳಿದು ಅವನ ಬಳಿಗೆ ಹೋದರು.

“ಯಜಮಾನ್ರೇ, ಫೈರಿಂಗ್ ರೇಂಜಿಗೆ ಯಾವ ಕಡೆ ಹೋಗಬೇಕು?”

“ಅದ್ಯಾವೂರು ತಾಯಿ?”

“ಊರಲ್ಲ. ಪೊಲೀಸಿನೋರು ಗುಂಡು ಹೊಡೆಯೋ ಜಾಗ.”

“ಓ, ಅದಾ! ನಂಗೆ ದಾರಿ ಗೊತ್ತಿಲ್ಲ. ನನ್ನ ಕುರಿಗಳಿಗೆ ಗೊತ್ತು. ನೀವು ಅಲ್ಲಿ ಢಂ ಅನ್ನಿಸಿದ್ರೆ ಇವು ಇತ್ತ ಓಡ್ತವೆ. ಸ್ವಲ್ಪ ಕೂತ್ಕಳಿ, ಯಾರಾದ್ರೂ ಒಂದು ಗುಂಡು ಹೊಡೀಲಿ. ಕುರಿ ಯಾವ ಕಡೆಗೆ ಬಾಲ ತಿರುಗಿಸ್ತವೋ ನೀವು ಆ ಕಡೆ ಹೋಗಿ.”

ಗುರುವಿಗೆ ಈ ಏರ್ಪಾಡು ಬಹಳ ಹಿಡಿಸಿತು. ಮರದ ಕೆಳಗೊಂದು ಚಪ್ಪಡಿ ಕಲ್ಲಿತ್ತು. ಅದರ ಮೇಲೆ ಕೂತರು. ಇಂಚರಳೂ ಕೂತಳು. ಕೂರುವಾಗ ಸೊಂಟದ ಪಿಸ್ತೂಲು ಪಕ್ಕೆಗೆ ಒತ್ತಿತು. ಬೆಳಗಿನಿಂದ ಜೀಪು ಓಡಿಸಿ ಅಲ್ಲಿ ಆಗಲೇ ಚರ್ಮ ಕೆಂಪಾಗಿತ್ತು. ಅವಳು ಬೆಲ್ಟನ್ನು ಬಿಚ್ಚಿ ಪಕ್ಕದಲ್ಲಿಟ್ಟು ಉಸಿರು ಬಿಟ್ಟಳು. ಬಾಟಲಿಯ ನೀರು ಕುಡಿದು ಕುರಿಗಾಹಿಗೂ ಕೊಟ್ಟಳು.

ದೂರದಲ್ಲಿ ಸದ್ದಾಯಿತು. ಕುರಿಗಳೆಲ್ಲ ಒಟ್ಟಿಗೆ ಎಡಕ್ಕೆ ಬಾಲ ತಿರುಗಿಸಿ ಮರದತ್ತ ನುಗ್ಗಿದವು.

“ಎಡಗಡೆ ದಾರಿ!” ಎಂದು ಇಂಚರ ನಗುತ್ತ ಜೀಪಿನತ್ತ ಓಡಿದಳು. ಸಭೆಗೆ ಹೊತ್ತಾಗಿತ್ತು. ಗುರು ನಿಧಾನವಾಗಿ ಎದ್ದರು, ಚೀಲವನ್ನು ಹೆಗಲಿಗೇರಿಸಿದರು, ಕುರಿಗಾಹಿಗೆ ಕೈಮುಗಿದು ಬಂದು ಜೀಪು ಹತ್ತಿದರು.

“ಈಗ ಹೇಳಿ ಮೇಡಂ. ಮೂರನ್ನೂ ಮಣ್ಣಲ್ಲಿ ಹೂತು ತೆಗೆದಿದ್ದೇವೆ. ನೀರಲ್ಲಿ ಮುಳುಗಿಸಿದ್ದೇವೆ. ಎತ್ತರದಿಂದ ಬೀಳಿಸಿದ್ದೇವೆ. ಎಡಗೈಯಲ್ಲೂ ಹೊಡೆದಿದ್ದೇವೆ. ಮೊದಲನೆಯದರ ಗುರಿ ಎಷ್ಟು ಚೊಕ್ಕ ಅಂದರೆ ಗುಂಡುಗಳೆಲ್ಲ ಒಂದೇ ತೂತಲ್ಲಿ ಹೋದ ಹಾಗೆ. ಮೂರನೆಯದು ಚಿಕ್ಕದು, ಗುರಿಯೂ ಅಷ್ಟಕ್ಕಷ್ಟೆ. ಇನ್ನೇನು ನೋಡಬೇಕು?”

ಗುರು ತೊಡೆಯ ಮೇಲಿನ ಚೀಲವನ್ನು ಸರಿಮಾಡಿಕೊಂಡರು.

“ಒಂದು ಕತೆ ಹೇಳುತ್ತೇನೆ. ಗುಂಡಿಗಳನ್ನು ನೋಡಿಕೊಂಡು ಓಡಿಸು,” ಎಂದರು.

*

ಒಬ್ಬಳು ಪೊಲೀಸ್ ಅಧಿಕಾರಿ ಇದ್ದಳು. ಗುರಿಯಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ನಿನ್ನ ಹಾಗೆಯೇ ಅವಳಿಗೂ ಒಂದು ಹೊಸ ಪಿಸ್ತೂಲನ್ನು ಪರೀಕ್ಷೆಗೆಂದು ಕೊಟ್ಟಿದ್ದರು. ಮಣ್ಣು, ನೀರು, ಬೀಳಿಸುವುದು ಎಲ್ಲವೂ ಆಯಿತು. ಪಿಸ್ತೂಲು ಎಲ್ಲದರಲ್ಲೂ ಗೆದ್ದಿತು. ಕಡೆಗೆ ಒಂದು ಪ್ರಶ್ನೆ ಉಳಿಯಿತು. ಸಮವಸ್ತ್ರ ಇಲ್ಲದಾಗ ಇದನ್ನು ಧರಿಸಬಹುದೇ?

ಅಧಿಕಾರಿ ಪ್ಯಾಂಟು ಹಾಕಿಕೊಂಡು, ಮೇಲೆ ಸಡಿಲವಾದ ಅಂಗಿ ತೊಟ್ಟು, ಕನ್ನಡಿಯ ಮುಂದೆ ಒಮ್ಮೆ ತಿರುಗಿದಳು. ಧರಿಸಬಹುದು ಎಂದು ಬರೆದಳು.

ಮರುದಿನ ಅವಳು ಮದುವೆಗೆ ಹೋಗಬೇಕಾಗಿತ್ತು.

ಮದುವೆಗೂ ಪಿಸ್ತೂಲು ಬೇಕಿತ್ತೇ ಎಂದು ನೀನು ಕೇಳಬಹುದು. ಬೇಕಿತ್ತು. ಅವಳು ಒಬ್ಬ ರೌಡಿಯನ್ನು ಜೈಲಿಗೆ ಕಳಿಸಿದ್ದಳು. ಅವನ ತಮ್ಮಂದಿರು ಹೊರಗಿದ್ದರು, ಬೆದರಿಕೆಯನ್ನೂ ಕಳಿಸಿದ್ದರು.

ರೇಷ್ಮೆ ಸೀರೆ ಉಟ್ಟಳು. ಸೀರೆಗೆ ಬೆಲ್ಟ್ ಇಲ್ಲ. ಪಿಸ್ತೂಲನ್ನು ಲಂಗದ ಲಾಡಿಗೆ ಸಿಕ್ಕಿಸಿದಳು. ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಅದು ನೆರಿಗೆಗಳನ್ನು ಎಳೆದುಕೊಂಡು ಮೊಣಕಾಲಿನ ದಾರಿ ಹಿಡಿಯಿತು. ತೆಗೆದು ವ್ಯಾನಿಟಿ ಬ್ಯಾಗಿಗೆ ಹಾಕಿದಳು. ಬ್ಯಾಗಿನ ಬಾಯಿ ಮುಚ್ಚಲಿಲ್ಲ. ಪಿಸ್ತೂಲಿನ ಹಿಡಿ, ಬಸ್ಸಿನ ಕಿಟಕಿಯಿಂದ ತಲೆ ಹಾಕಿದ ಮಗುವಿನ ಹಾಗೆ, ಹೊರಗೆ ಇಣುಕುತ್ತಿತ್ತು. ಅದರ ಮೇಲೆ ಕರವಸ್ತ್ರ ಹೊದಿಸಿ ಸ್ಕೂಟರ್ ಹತ್ತಿದಳು.

ಮದುವೆಮನೆಯಲ್ಲಿ ವಧೂವರರಿಗೆ ಅಕ್ಷತೆ ಹಾಕುವ ಸಾಲಿನಲ್ಲಿ ನಿಂತಿದ್ದಾಗ ಹೆಣ್ಣಿನ ಕಡೆಯ ಹುಡುಗಿಯೊಬ್ಬಳು ಕೇಳಿದಳು: “ಆಂಟಿ, ಬ್ಯಾಗಲ್ಲಿ ಕಪ್ಪಗೆ ಅದೇನು?”

“ಹೇರ್ ಡ್ರೈಯರ್.”

“ಮದುವೆಗೆ ತಂದಿದ್ದೀರಾ?”

“ನನ್ನ ಕೂದಲು ಬೇಗ ಒಣಗಲ್ಲ.”

ಹುಡುಗಿ ಅಧಿಕಾರಿಯ ಕ್ರಾಪನ್ನು ನೋಡಿದಳು.

ಆ ಹೊತ್ತಿಗೇ ಬ್ಯಾಗಿನ ಪಟ್ಟಿ ಭಾರಕ್ಕೆ ಹರಿಯಿತು. ಅಧಿಕಾರಿ ಬ್ಯಾಗನ್ನು ಮಗುವಿನ ಹಾಗೆ ಎದೆಗವಚಿಕೊಂಡು ವೇದಿಕೆ ಹತ್ತಿದಳು, ಅಕ್ಷತೆ ಹಾಕಿದಳು, ಇಳಿದಳು. ಇಳಿಯುವಾಗ ಕೈಗೆ ತಾಂಬೂಲದ ಚೀಲ ಬಂತು. ಊಟವಾದ ಮೇಲೆ ಜನ ಹಾಗೇ ಹೊರಟುಬಿಡುತ್ತಾರೆಂದು ಹೆಣ್ಣಿನ ತಂದೆ ತಾಂಬೂಲವನ್ನು ವೇದಿಕೆಯ ಮೆಟ್ಟಿಲಿನ ಹತ್ತಿರವೇ ಕೊಡಿಸುತ್ತಿದ್ದ. ಹಳದಿ ಬಟ್ಟೆಯ ಚೀಲ. ಮೇಲೆ ವಧೂವರರ ಹೆಸರು. ಒಳಗೆ ತೆಂಗಿನಕಾಯಿ, ಎಲೆ, ಅಡಿಕೆ, ಬಾಳೆಹಣ್ಣು. ಗಟ್ಟಿ ಹೊಲಿಗೆ, ಬಾಯಿಗೆ ದಾರ.

ಅಧಿಕಾರಿಗೆ ಆ ಚೀಲ ದೇವರೇ ಕಳಿಸಿದ ಹಾಗೆ ಕಂಡಿತು. ಒಂದು ಮೂಲೆಗೆ ಹೋಗಿ ಕಾಯಿಯನ್ನು ತೆಗೆದಳು. “ನಮ್ಮನೆಯಲ್ಲಿ ಕಾಯಿ ಬೇಕಾದಷ್ಟಿದೆ,” ಎಂದು ಯಾರೋ ಹೆಂಗಸಿಗೆ ಕೊಟ್ಟಳು. ಕಾಯಿಯ ಜಾಗದಲ್ಲಿ, ಕರವಸ್ತ್ರದಲ್ಲಿ ಸುತ್ತಿದ ಪಿಸ್ತೂಲನ್ನು ಇಟ್ಟಳು. ಮೇಲೆ ಎಲೆ, ಬಾಳೆಹಣ್ಣು. ದಾರ ಎಳೆದು ಗಂಟು ಹಾಕಿದಳು. ಎಂಥ ಭಾರಕ್ಕೂ ಜಗ್ಗದ ಚೀಲ, ಯಾರಿಗೂ ಅನುಮಾನ ಬರದ ಚೀಲ. ಅವಳಿಗೆ ತನ್ನ ಬುದ್ಧಿಯ ಮೇಲೆ ಹೆಮ್ಮೆಯಾಯಿತು.

ಊಟಕ್ಕೆ ಕೂತಳು. ಚೀಲವನ್ನು ಕುರ್ಚಿಯ ಕೆಳಗಿಟ್ಟುಕೊಂಡಳು. ಪಕ್ಕದಲ್ಲಿ ಒಬ್ಬ ಅಜ್ಜಿ. ಸೊಂಟದಲ್ಲಿ ಎಲೆಯಡಿಕೆಯ ಸಂಚಿ. ಅಜ್ಜಿ ಉಪ್ಪಿನಿಂದ ಹಿಡಿದು ಮಜ್ಜಿಗೆಯವರೆಗೂ ಮಾತಾಡುತ್ತಲೇ ಇದ್ದಳು. ಅಧಿಕಾರಿ ಹೂಂ ಎನ್ನುತ್ತ, ಮನಸ್ಸಿನಲ್ಲೇ ಗುರಿಯ ಅಂಕಗಳನ್ನು ಕೂಡಿಸುತ್ತಿದ್ದಳು. ಎಲೆ ಮಡಚಿದಳು, ಕೈ ತೊಳೆಯಲು ಹೋದಳು, ಬಂದು ಚೀಲ ಎತ್ತಿಕೊಂಡು ಹೊರಟಳು.

ಸ್ಕೂಟರಿನ ಬಳಿ ಚೀಲದೊಳಗೆ ಕೈ ಹಾಕಿದಳು. ಕೈಗೆ ಒಂದು ತೆಂಗಿನಕಾಯಿ ಸಿಕ್ಕಿತು.

*

“ಅಯ್ಯೋ!” ಎಂದಳು ಇಂಚರ. ಜೀಪು ಒಂದು ಗುಂಡಿಗೆ ಇಳಿದು ಎದ್ದಿತು.

“ಗುಂಡಿ,” ಎಂದರು ಗುರು.

“ಮೇಡಂ, ತುಂಬಿದ ಪಿಸ್ತೂಲು! ಅವಳ ಕೆಲಸ ಹೋಯಿತು ಅಂತಲೇ ಲೆಕ್ಕ.”

“ಅವಳ ಕೆಲಸ ಇರಲಿ. ಆ ಚೀಲ ಈಗ ಯಾವುದೋ ಮನೆಯ ಅಡುಗೆಕೋಣೆಗೆ ಹೋಗುತ್ತಿದೆ. ಅಲ್ಲಿ ಕಾಯಿ ಒಡೆಯಲು ಯಾರೋ ಕತ್ತಿ ಹುಡುಕುತ್ತಾರೆ. ಅದನ್ನು ಯೋಚಿಸು.”

*

ಅಧಿಕಾರಿಯೂ ಅದನ್ನೇ ಯೋಚಿಸಿದಳು. ಠಾಣೆಗೆ ಫೋನು ಮಾಡಬೇಕಿತ್ತು. ಮಾಡಿದರೆ ಸಂಜೆಗೆ ಅಮಾನತು. ಅಜ್ಜಿಯ ಮನೆಯವರೆಗೂ ಹೋಗುತ್ತೇನೆ, ಅಲ್ಲಿ ಸಿಗದಿದ್ದರೆ ನಾನೇ ಫೋನು ಮಾಡುತ್ತೇನೆ ಎಂದು ನಿರ್ಧರಿಸಿದಳು. ಒಳಗೆ ಓಡಿ ಹೆಣ್ಣಿನ ತಂದೆಯನ್ನು ಹಿಡಿದಳು.

“ನನ್ನ ಪಕ್ಕ ಊಟಕ್ಕೆ ಕೂತಿದ್ದ ಅಜ್ಜಿ ಯಾರು?”

“ಯಾವ ಅಜ್ಜಿ ಮೇಡಂ? ನಮ್ಮ ಮದುವೇಲಿ ಹೆಣ್ಣು ಒಂದು, ಗಂಡು ಒಂದು, ಮಿಕ್ಕವರೆಲ್ಲ ಅಜ್ಜಿಯರೇ.”

“ಸೊಂಟದಲ್ಲಿ ಸಂಚಿ ಇತ್ತು. ಪಾಯಸ ಮೇಲೆ ಮೇಲೆ ಹಾಕಿಸಿಕೊಂಡರು.”

“ಓ, ಸೀಬೆಮರದಜ್ಜಿ! ಹಳ್ಳದ ಆಚೆ ಊರು. ಈಗ ತಾನೇ ಟೆಂಪೋದಲ್ಲಿ ಹೋದ್ರು.”

ರೇಷ್ಮೆ ಸೀರೆಯಲ್ಲಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಅಧಿಕಾರಿ ಸ್ಕೂಟರ್ ಓಡಿಸಿದಳು. ಹಳ್ಳ ದಾಟಿದ ಮೇಲೆ ದಾರಿ ತಪ್ಪಿತು. ಎಮ್ಮೆ ತೊಳೆಯುತ್ತಿದ್ದ ಹೆಂಗಸನ್ನು ದಾರಿ ಕೇಳಿದಳು. ಆ ಹೆಂಗಸು ಎಮ್ಮೆಯ ಮೈ ಉಜ್ಜುತ್ತಿದ್ದ ಹುಲ್ಲಿನ ಸಿಂಬಿಯನ್ನು ಕೆಳಗಿಟ್ಟಳು.

“ಯಾವ ಕಡೆಯೋರು ನೀವು? ಹೆಣ್ಣಿನ ಕಡೆಯೋ, ಗಂಡಿನ ಕಡೆಯೋ?”

“ಹೆಣ್ಣಿನ ಕಡೆ.”

“ಹೆಣ್ಣಿನ ತಾಯಿ ಕಡೆಯೋ, ತಂದೆ ಕಡೆಯೋ?”

“ತಂದೆಗೆ ಗೊತ್ತಿರುವವರು.”

“ಗೊತ್ತಿರೋರು ಅಂದ್ರೆ?”

“ಆಫೀಸಿನವರು.”

“ಸೀಬೆಮರದಜ್ಜಿ ಹತ್ರ ಏನು ಕೆಲಸ?”

ಅಧಿಕಾರಿ ಎಷ್ಟೋ ಜನರನ್ನು ವಿಚಾರಣೆ ಮಾಡಿದ್ದಳು. ತನ್ನನ್ನು ಯಾರೂ ಇಷ್ಟು ಚೆನ್ನಾಗಿ ಮಾಡಿರಲಿಲ್ಲ. “ಅವರ ತಾಂಬೂಲ ನನ್ನ ಹತ್ತಿರ ಬಂದುಬಿಟ್ಟಿದೆ, ಕೊಡೋಣ ಅಂತ,” ಎಂದಳು.

“ಎಂಥ ಒಳ್ಳೆ ಮನಸ್ಸು!” ಎಂದಳು ಹೆಂಗಸು. “ಗಣಪತಿ ಗುಡಿ ಹತ್ರ ಬಲಕ್ಕೆ ತಿರುಗಿ.”

ಗಣಪತಿಯ ಗುಡಿ ಅಂದರೆ ಆಳೆತ್ತರದ ಗೂಡು. ಮುಂದೆ ಕಾಯಿ ಒಡೆಯುವ ಕಲ್ಲು. ಅಧಿಕಾರಿಗೆ ದೇವರಲ್ಲಿ ಅಂಥ ನಂಬಿಕೆ ಇರಲಿಲ್ಲ. ಲಂಚ ಅಂದರೆ ಅವಳಿಗೆ ಆಗುತ್ತಿರಲಿಲ್ಲ. ಆದರೂ ಸ್ಕೂಟರ್ ನಿಲ್ಲಿಸಿದಳು. ಪಿಸ್ತೂಲು ಸಿಗಲಿ, ಅಲ್ಲಿಯವರೆಗೂ ಅದನ್ನು ಯಾರೂ ಮುಟ್ಟದಿರಲಿ ಎಂದು ಬೇಡಿಕೊಂಡು ಚೀಲದ ಕಾಯಿಯನ್ನು ತೆಗೆದು ಕಲ್ಲಿಗೆ ಅಪ್ಪಳಿಸಿದಳು. ಕಾಯಿ ಹೋಳಾಯಿತು. ಎಲ್ಲಿದ್ದವೋ, ಕೋತಿಗಳು ಬಂದು ಹೋಳುಗಳನ್ನು ಎತ್ತಿಕೊಂಡು ಮರ ಹತ್ತಿದವು.

ಸೀಬೆಮರದ ಮನೆ ಸಿಕ್ಕಿತು. ಅಜ್ಜಿ ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದಳು. ಬಾಯಿಯಲ್ಲಿ ಎಲೆಯಡಿಕೆ, ತೊಡೆಯ ಮೇಲೆ ಹಳದಿ ಚೀಲ. ಗಂಟು ಇನ್ನೂ ಬಿಚ್ಚಿರಲಿಲ್ಲ. ಅಧಿಕಾರಿಗೆ ಜೀವ ಬಂತು.

“ಅಜ್ಜಿ, ನಿಮ್ಮ ಚೀಲ, ನನ್ನ ಚೀಲ ಅದಲುಬದಲಾಗಿದೆ.”

“ಆಗ್ಲಿ ಬಿಡವ್ವ. ಎರಡ್ರಲ್ಲೂ ಕಾಯಿ, ಎರಡ್ರಲ್ಲೂ ಎಲೆ. ಇದಕ್ಕೆ ಇಷ್ಟು ದೂರ ಬಂದ್ಯಾ?”

“ಬಂದೆ.”

“ಅಂಥದ್ದೇನೈತೆ ಇದರಲ್ಲಿ?”

“ಏನಿಲ್ಲ.”

“ಏನಿಲ್ದಿದ್ರೆ ಇಲ್ಲೇ ಇರಲಿ. ಎತ್ತಿದಾಗಲೇ ಅಂದ್ಕಂಡೆ, ಈ ಕಾಯಿ ಒಳ್ಳೆ ತೂಕ ಐತೆ ಅಂತ.” ಅಜ್ಜಿ ಗಂಟು ಬಿಚ್ಚಿ ಒಳಗೆ ಕೈ ಇಳಿಸಿದಳು.

“ಕೈ ತೆಗೀರಿ!”

ಠಾಣೆಯ ಧ್ವನಿ ಅದು. ಅಂಗಳದ ಕೋಳಿಗಳು ಹಾರಿದವು. ಅಜ್ಜಿ ಮಾತ್ರ ಹಾರಲಿಲ್ಲ. ಕೈಯನ್ನು ನಿಧಾನವಾಗಿ ಹೊರತೆಗೆದಳು.

“ಕೂಗಬ್ಯಾಡ, ನನಗೆ ಕಿವಿ ಕೇಳ್ತೈತೆ. ಚಿನ್ನವಾ?”

“ಅಲ್ಲ.”

“ಮತ್ತೆ?”

ಅಧಿಕಾರಿ ಆ ಕಡೆ ಈ ಕಡೆ ನೋಡಿದಳು. “ಪಿಸ್ತೂಲು ಅಜ್ಜಿ. ನಾನು ಪೊಲೀಸು.”

ಅಜ್ಜಿ ಅಗಿಯುವುದನ್ನು ನಿಲ್ಲಿಸಿದಳು.

“ಗುಂಡು ಹಾಕಿದ್ದಾ?”

“ಹಾಕಿದ್ದು.”

“ಮದುವೆಗೆ?”

“ಹೂಂ.”

“ಅಡುಗೆ ಏನೋ ಚೆನ್ನಾಗೇ ಇತ್ತಲ್ಲೇ!”

ಅಜ್ಜಿ ಚೀಲವನ್ನು ತೊಡೆಯಿಂದ ಎತ್ತಿ, ಬಿಸಿ ಪಾತ್ರೆಯನ್ನು ಇಳಿಸುವ ಹಾಗೆ ಜಗಲಿಯ ಮೇಲಿಟ್ಟಳು. ಅಧಿಕಾರಿ ಪಿಸ್ತೂಲನ್ನು ತೆಗೆದು, ಬೇಲಿಯ ಕಡೆಗೆ ತಿರುಗಿ ಗುಂಡುಗಳನ್ನು ಇಳಿಸಿ, ಕರವಸ್ತ್ರದಲ್ಲಿ ಮತ್ತೆ ಸುತ್ತಿದಳು. ಅಲ್ಲೇ ಜಗಲಿಯ ಮೇಲೆ ಕೂತುಬಿಟ್ಟಳು.

“ಈಗ ನನ್ನ ಕಾಯಿ ಕೊಡು,” ಎಂದಳು ಅಜ್ಜಿ.

ಅಧಿಕಾರಿ ತಾನು ತಂದ ಚೀಲವನ್ನು ಮುಂದಿಟ್ಟಳು, ಅದರಲ್ಲಿ ಎಲೆ, ಅಡಿಕೆ, ಬಾಳೆಹಣ್ಣು ಮಾತ್ರ ಇದ್ದವು.

“ನನ್ನ ಕಾಯಿ ಎಲ್ಲವ್ವ?”

“ಒಡೆದುಬಿಟ್ಟೆ ಅಜ್ಜಿ. ಗಣಪತಿ ಮುಂದೆ. ಇದು ಸಿಗಲಿ ಅಂತ ಬೇಡಿಕೊಂಡು.”

“ನನ್ನ ಕಾಯಲ್ಲಿ ನಿನ್ನ ಹರಕೆಯಾ?”

“ಪುಣ್ಯವೆಲ್ಲ ನಿಮಗೇ ಬರಲಿ.”

“ಪುಣ್ಯ ಇಟ್ಕಂಡು ಚಟ್ನಿ ಅರೆಯಕ್ಕಾಗ್ತದಾ?”

“ನಾಳೆಯೇ ಒಂದು ಕಾಯಿ ತಂದುಕೊಡುತ್ತೇನೆ.”

“ಅಂಗಡಿ ಕಾಯಿ ನನಗೆ ಬ್ಯಾಡ. ಮೊಮ್ಮಗಳಿಗೆ ಗಂಡು ನೋಡ್ತಾ ಇದ್ದೀವಿ. ಮದುವೆಮನೆ ಕಾಯಿ ದೇವರ ಮುಂದೆ ಇಟ್ರೆ ಬೇಗ ಕೂಡಿ ಬರ್ತದೆ. ಹೋಗಿದ್ದು ಮದುವೆ ಕಾಯಿ, ಬರೋದೂ ಮದುವೆ ಕಾಯೇ ಆಗ್ಬೇಕು. ನಿನ್ನ ಸಾಲ ಹಂಗೇ ಇರಲಿ, ಯಾವತ್ತಾದ್ರೂ ತೀರಿಸು.”

ಹೀಗೆ ಅಜ್ಜಿ ಸಾಲವನ್ನು ಬಾಯಲ್ಲೇ ಬರೆದುಕೊಂಡು ಎಲೆಯಡಿಕೆ ಮೆಲ್ಲತೊಡಗಿದಳು. ಮೆಲ್ಲುವ ನಡುವೆ ಸೊಂಟದ ಸಂಚಿಯನ್ನು ಮುಟ್ಟಿ ನೋಡಿಕೊಂಡಳು. ಅದು ಅಲ್ಲೇ ಇತ್ತು. ಅಧಿಕಾರಿ ಆ ಸಂಚಿಯನ್ನು ಅವತ್ತು ಮೊದಲ ಸಲ ಸರಿಯಾಗಿ ನೋಡಿದಳು.

“ಅಜ್ಜಿ, ಊಟಕ್ಕೆ ಕೂರುವಾಗ ತಾಂಬೂಲದ ಚೀಲ ಕೆಳಗಿಟ್ಟಿರಲ್ಲ, ಇದನ್ನ ಯಾಕೆ ಇಡಲಿಲ್ಲ?”

“ಇದನ್ನಾ? ಇದು ಮೈಮೇಲೆ ಐತೆ ಅಂತಲೇ ಗೊತ್ತಾಗಲ್ಲ ಕಣೇ. ಗೊತ್ತಾದ್ರಲ್ವಾ ಬಿಚ್ಚಿಡೋದು?”

ಅಧಿಕಾರಿ ಮರಳಿ ಬಂದಳು. ನಡೆದದ್ದನ್ನು ನಡೆದ ಹಾಗೆ ಮೇಲಧಿಕಾರಿಗೆ ಹೇಳಿದಳು. ಮೇಲಧಿಕಾರಿ ಹೊಟ್ಟೆ ಹಿಡಿದುಕೊಂಡು ನಕ್ಕ. ನಕ್ಕು ಮುಗಿಸಿ ಮೆಮೋ ಕೊಟ್ಟ. ಅವಳು ತನ್ನ ವರದಿಯಲ್ಲಿ ‘ಧರಿಸಬಹುದು’ ಎಂಬ ಮಾತನ್ನು ಹೊಡೆದುಹಾಕಿದಳು. ‘ಗುಂಡು ಹಾರಿಸಲು ಯೋಗ್ಯ, ಊಟಕ್ಕೆ ಕೂರಲು ಅಯೋಗ್ಯ’ ಎಂದು ಬರೆದಳು. ಉಳಿದ ಪಿಸ್ತೂಲುಗಳನ್ನು ತರಿಸಿದಳು.

ಒಬ್ಬ ದರ್ಜಿಯನ್ನು ಹಿಡಿದು ಅಜ್ಜಿಯ ಸಂಚಿಯಂಥದೇ ಒಂದು ಬಟ್ಟೆಪಟ್ಟಿ ಹೊಲಿಸಿದಳು. ಟ್ರಿಗರಿಗೆ ಏನೂ ತಾಕದ ಹಾಗೆ ಒಳಗೆ ದಪ್ಪ ಚರ್ಮ ಕೊಡಿಸಿದಳು. ಆಮೇಲೆ ಸೀರೆ ಉಟ್ಟು, ಗುಂಡಿಲ್ಲದ ಪಿಸ್ತೂಲುಗಳನ್ನು ಒಂದೊಂದಾಗಿ ಅದರಲ್ಲಿಟ್ಟುಕೊಂಡು ನೆಲದ ಮೇಲೆ ಕೂತು ಉಂಡಳು. ಬಗ್ಗಿ ರಂಗೋಲಿ ಹಾಕಿದಳು. ಹಿರಿಯರ ಕಾಲಿಗೆ ಬಿದ್ದಳು. ಪಕ್ಕದ ಮನೆಯ ಮಗುವನ್ನು ಎತ್ತಿಕೊಂಡಳು. ಸ್ಕೂಟರ್ ಹತ್ತಿ ಸಂತೆಗೆ ಹೋದಳು, ಗಿಜಿಗುಡುವ ಬಸ್ಸಿನಲ್ಲಿ ನಿಂತು ಬಂದಳು. ಯಾವುದನ್ನು ಬಿಚ್ಚಿಡಬೇಕೆಂದು ಕೈ ತಾನಾಗಿಯೇ ಹೋಯಿತೋ ಅದನ್ನು ಪಕ್ಕಕ್ಕಿಟ್ಟಳು.

“ಪಿಸ್ತೂಲಿಗೆ ಪಾಯಸವನ್ನೂ ಬಡಿಸಬೇಕಾ ಮೇಡಂ?” ಎಂದು ಜೊತೆಯವರು ಕೆಣಕಿದರು.

“ಬಡಿಸಿ. ಹೋಳಿಗೆಯೂ ಇರಲಿ,” ಎಂದಳು.

ಕಡೆಗೆ ಒಂದು ಚಿಕ್ಕ ಪಿಸ್ತೂಲು ಉಳಿಯಿತು. ಗುರಿಯಲ್ಲಿ ಅದು ಎಲ್ಲಕ್ಕಿಂತ ಹಿಂದೆ. ಅವಳು ಅದನ್ನು ಮತ್ತೆ ರೇಂಜಿಗೆ ಒಯ್ದಳು. ಒಂದು ಕೋಣೆಯ ಅಗಲದ ದೂರದಲ್ಲಿ ಅದು ಹೊಡೆಯಬೇಕಾದ ಕಡೆಗೇ ಹೊಡೆಯಿತು. ಎಷ್ಟು ಹೊಡೆದರೂ ಒಮ್ಮೆಯೂ ಸಿಕ್ಕಿಕೊಳ್ಳಲಿಲ್ಲ. ಸಾಕು ಎಂದಳು.

ಆದರೆ ಕಾಯಿಯ ಸಾಲ ಉಳಿದಿತ್ತು. ಅಷ್ಟರಲ್ಲಿ ಆಷಾಢ ಬಂತು. ಆಷಾಢದಲ್ಲಿ ಯಾರೂ ಮದುವೆ ಮಾಡುವುದಿಲ್ಲ. ಇಡೀ ಜಿಲ್ಲೆಯಲ್ಲಿ ಮುಹೂರ್ತಕ್ಕಾಗಿ ಅವಳಷ್ಟು ಕಾತರದಿಂದ ಕಾದ ಹೆಣ್ಣು ಇನ್ನೊಬ್ಬಳಿರಲಿಲ್ಲ. ಶ್ರಾವಣದಲ್ಲಿ ಒಬ್ಬ ಕಾನ್ಸ್‌ಟೇಬಲ್‌ನ ನಾದಿನಿಯ ಮದುವೆ ಎಂದು ಕಿವಿಗೆ ಬಿತ್ತು. ಕರೆಯದಿದ್ದರೂ ಹೋದಳು. ಕಾನ್ಸ್‌ಟೇಬಲ್ ಗಾಬರಿಯಾಗಿ ಸೆಲ್ಯೂಟ್ ಹೊಡೆದ. ಅವಳು ಅಕ್ಷತೆ ಹಾಕಿದಳು, ಉಂಡಳು, ಕೈ ತೊಳೆದಳು. ಚಿಕ್ಕ ಪಿಸ್ತೂಲು ಸೀರೆಯ ಮರೆಯಲ್ಲಿ, ಅವಳ ಮೈಮೇಲೆ ಇತ್ತು. ತಾಂಬೂಲದ ಚೀಲದಲ್ಲಿ ಬರೀ ತಾಂಬೂಲ ಇತ್ತು.

ಅಲ್ಲಿಂದ ನೇರವಾಗಿ ಸೀಬೆಮರದ ಮನೆಗೆ ಹೋದಳು. ಈ ಸಲ ದಾರಿ ಕೇಳಲಿಲ್ಲ.

ಅಜ್ಜಿ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ನೀರು ಕುಲುಕಿತು. “ಮದುವೆದೇ ತಾನೆ?” ಎಂದಳು. ಅಧಿಕಾರಿ ಚೀಲದ ಮೇಲಿನ ವಧೂವರರ ಹೆಸರು ತೋರಿಸಿದಳು. ಅಜ್ಜಿ ಕಾಯಿಯನ್ನು ದೇವರ ಮುಂದೆ ಇಟ್ಟು ಬಂದು, ಬೇಡವೆಂದರೂ ಬಿಡದೆ ನೆಲದ ಮೇಲೆ ಕೂರಿಸಿ ಮೊಸರನ್ನ ಬಡಿಸಿದಳು. ಅಧಿಕಾರಿ ಚಕ್ಕಳಮಕ್ಕಳ ಹಾಕಿ ಕೂತು ಉಂಡಳು. ಏಳುವಾಗ ಅಜ್ಜಿಯ ಕಾಲು ಮುಟ್ಟಿದಳು.

“ಅವತ್ತಿಂದು ಎಲ್ಲಿ?” ಎಂದು ಅಜ್ಜಿ ಮೆಲ್ಲಗೆ ಕೇಳಿದಳು.

“ಅದನ್ನ ವಾಪಸ್ ಕೊಟ್ಟೆ. ಈಗ ಬೇರೆ ಇದೆ. ನನ್ನ ಮೈಮೇಲೇ ಇದೆ.”

ಅಜ್ಜಿ ಅವಳನ್ನು ಕೆಳಗಿಂದ ಮೇಲಿನವರೆಗೂ ನೋಡಿದಳು. ಸುತ್ತಲೂ ಬಂದು ನೋಡಿದಳು.

“ಸುಳ್ಳು.”

“ಇದೆ ಅಜ್ಜಿ.”

“ಕಾಣಲ್ವಲ್ಲೇ!”

“ನನಗೂ ಮರೆತೇಹೋಗಿತ್ತು. ನೀವು ಕೇಳಿದ್ದಕ್ಕೆ ನೆನಪಾಯಿತು.”

ಅಜ್ಜಿ ತನ್ನ ಸಂಚಿಯನ್ನು ಒಮ್ಮೆ ತಟ್ಟಿಕೊಂಡಳು. “ಹಂಗಾದ್ರೆ ಸರಿ ಹೋಗು. ನಿನ್ನ ಸಾಲ ತೀರಿತು,” ಎಂದಳು.

*

ರೇಂಜಿನ ಗೇಟು ಕಾಣಿಸಿತು. ಪಹರೆಯವನು ಜೀಪನ್ನು ಕಂಡು ಗೇಟು ತೆರೆಯತೊಡಗಿದ. ಇಂಚರ ಇನ್ನೂ ನಗುತ್ತಿದ್ದಳು.

“ಮೊಮ್ಮಗಳಿಗೆ ಗಂಡು ಸಿಕ್ಕಿದನಾ ಮೇಡಂ?”

“ಸಿಕ್ಕಿದ. ಆ ಮದುವೆಯಲ್ಲೂ ತಾಂಬೂಲದ ಚೀಲ ಹಳದಿಯದೇ.”

“ಕತೆ ಚೆನ್ನಾಗಿದೆ. ಆದರೆ ಆ ಅಧಿಕಾರಿಯದು ಸ್ವಲ್ಪ ಅತಿಯಾಯಿತು. ಪಿಸ್ತೂಲನ್ನು ಮೈಯಿಂದ ಇಳಿಸಿ ಎಲ್ಲೋ ಇಟ್ಟು ಎದ್ದುಬರುವುದು ಅಂದರೆ! ಭಾರವಾದರೆ ಏನಂತೆ, ನಮ್ಮ ಎಚ್ಚರ ನಮಗಿದ್ದರೆ ಸರಿ. ನಾನಂತೂ ಮೊದಲನೆಯದಕ್ಕೇ ಓಟು ಹಾಕುತ್ತೇನೆ ಮೇಡಂ. ನೋಡಿ, ಬೆಳಗಿನಿಂದ ಕಟ್ಟಿಕೊಂಡಿದ್ದೇನೆ, ಈಗ ಅದು ಇದೆ ಅಂತಲೂ ಅನ್ನಿಸುತ್ತಿಲ್ಲ.”

ಅವಳು ಜೀಪು ನಿಲ್ಲಿಸಿದಳು. ಗುರು ತೊಡೆಯ ಮೇಲಿದ್ದ ಚೀಲವನ್ನು ಎರಡೂ ಕೈಯಲ್ಲಿ ಎತ್ತಿ ಅವಳ ಮಡಿಲಿಗಿಟ್ಟರು.

“ಹಾಗಾದರೆ ಇದರೊಳಗಿರುವುದನ್ನು ಸೊಂಟಕ್ಕೆ ಕಟ್ಟಿಕೊಂಡು ಇಳಿಯಮ್ಮ, ಆ ಬೇವಿನ ಮರದಿಂದ ಇಲ್ಲಿಯವರೆಗೂ ಹೊತ್ತು ನನ್ನ ತೊಡೆ ಜೋಮು ಹಿಡಿಯಿತು.”

ಇಂಚರಳ ಕೈ ಸೊಂಟಕ್ಕೆ ಹೋಯಿತು. ಅಲ್ಲೇ ನಿಂತಿತು. ಅಲ್ಲಿ ಬೆಲ್ಟೇ ಇರಲಿಲ್ಲ.